ರಾಯಚೂರು ಸೀಮೆಯಲ್ಲಿ ಮೂರು ದಿನ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಹೊಳೆಗಳ ನಡುವಿನ ಎರೆಯ ಭೂಮಿಯೇ ರಾಯಚೂರು ಸೀಮೆ. ಇದರ ಒಡೆತನಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ವಿಜಾಪುರದ ಆದಿಲಶಾಹರೂ ಸುಮಾರು ಇನ್ನೂರು ವರ್ಷ ಕಾದಾಡಿದರು. 1520ನೆಯ ಇಸವಿಯಲ್ಲಿ ಶ್ರೀಕೃಷ್ಣದೇವರಾಯನು ಇಸ್ಮಾಯಿಲ ಆದಿಲಶಾಹನನ್ನು ಸೋಲಿಸಿ ರಾಯಚೂರ ಕೋಟೆಯನ್ನು ಕೈವಶಮಾಡಿಕೊಂಡ ಸಂಗತಿಯನ್ನು ನಮ್ಮ ವಾಚಕರು ಶಾಲೆಯ ಪುಸ್ತಕಗಳಲ್ಲಿ ಓದಿಯೇ ಇರುವರು. ಆ ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಅಖಂಡ ಕಲ್ಲುಂಟು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿಯು ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ತೆಲುಗು ಶಾಸನವು ಸಾರುವದು.

ಆ ಶಾಸನದ ಹತ್ತಿರವೇ ಒಂದು ಗೀರುಚಿತ್ರವಿದೆ. ಅದೇ ಉದ್ದನೆಯ ಕಲ್ಲನ್ನು ಬಂಡಿಯ ಮೇಲೆ ಹೇರಿ, ಕೋಣಗಳ ಸಾಲನ್ನು ಹೂಡಿ, ಆಳುಗಳು ಗಾಲಿಗೆ ಸನ್ನೆಗೋಲು ಕೊಡುತ್ತ ಅದನ್ನು ಎಳೆದು ತರುತ್ತಿರುವರು. ಕಟ್ಟಿಸಿದವನ ಹೆಸರನ್ನು ಕಲ್ಲು ಹೇಳುವದು. ಎಳೆದವರ ಹೆಸರು ಎಲ್ಲಿಯೂ ಇಲ್ಲ. ಏಳುನೂರು ವರ್ಷಗಳ ಹಿಂದೆ ಈ ಊರ ದಾರಿಯಲ್ಲಿ ಸಾಗಿಬಂದ ಆ ಮೆರವಣಿಗೆಯ ಚಿತ್ರವನ್ನು ಬಹಳ ಹೊತ್ತು ನೋಡಿದ ಬಳಿಕ, ಇನ್ನೊಂದು ಮೆರವಣಿಗೆಯನ್ನು ನೋಡಬೇಕೆಂದು ನಾವು ಪೇಟೆಯ ಕಡೆಗೆ ನಡೆದೆವು. ಅಂದು ಏಪ್ರಿಲ 14, ಡಾ. ಬಾಬಾಸಾಹೇಬ ಅಂಬೇಡಕರರ ಜಯಂತಿ.

ಏಪ್ರಿಲ ತಿಂಗಳು ರಾಯಚೂರಿಗೆ ಹೋಗತಕ್ಕ ಕಾಲವಲ್ಲವೆಂದು ಹೊರಡುವಾಗಲೇ ನಮ್ಮ ಮನೆಯ ಹಿರಿಯರು ಎಚ್ಚರಿಸಿದ್ದರು. ಅವರ ಮಾತು ಸುಳ್ಳಲ್ಲ. ಬೆಳಗಿನ ಒಂಬತ್ತು ಗಂಟೆಗೇ ಬಂಡೆಗಳು ಕಾಯತೊಡಗುವವು. ನಡುಹಗಲಿನಲ್ಲಿ ಬೀದಿಗಳು ನಿರ್ಜನವಾಗುವವು. ಆದರೆ ಆ ದಿನ ಇಳಿಹೊತ್ತಿನ ವೇಳೆಗೆ ಊರಿನ ಬೇರೆ ಬೇರೆ ಕೇರಿಗಳಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಜನರು ಗುಂಪುಗುಂಪಾಗಿ ಬರತೊಡಗಿದರು. ಟ್ರ್ಯಾಕ್ಟರುಗಳಲ್ಲಿ ಬಂದವರು ಕೆಲವರು, ನಡೆದು ಬಂದವರು ಕೆಲವರು. ಹೆಂಗಸರಲ್ಲಿ ಹಲವರು ಬಿಳಿಯ ಸೀರೆಗಳನ್ನೂ ಹಲವರು ನೀಲಿಯವನ್ನೂ ಉಟ್ಟಿದ್ದರು. ಕಂಕುಳಲ್ಲಿದ್ದ ಕೂಸುಗಳ ಹಣೆಗೂ ನೀಲಿಯ ಪಟ್ಟಿ. ಹೂವಿನಿಂದ ಸಿಂಗರಿಸಿದ ವಾಹನದ ಮೇಲೆ, ಕೋಟು ಧರಿಸಿ, ಕೈಯಲ್ಲಿ ಪುಸ್ತಕ ಹಿಡಿದ ಆ ಪರಿಚಿತ ಮೂರ್ತಿ. ದಾರಿಯ ಬದಿಯಲ್ಲಿ ಮಜ್ಜಿಗೆಯನ್ನೂ ಶರಬತ್ತನ್ನೂ ಹಂಚುವ ತರುಣರು. ಅವರು ಬಂದವರ ಕುಲಗೋತ್ರಗಳನ್ನು ವಿಚಾರಿಸದೆ ಎಲ್ಲರ ಕೈಗೂ ಲೋಟವನ್ನು ಕೊಡುತ್ತಿದ್ದರು.

ಮುಂಭಾಗದಲ್ಲಿ ಹಲಗೆಯ ವಾದ್ಯ ನಡೆದಿತ್ತು. ಈ ಹಲಗೆಯ ವಿಷಯವಾಗಿ ಎರಡು ಮಾತು ಹೇಳಬೇಕು. ಹಳ್ಳಿಯಲ್ಲಿ ಸಾವಾದರೆ, ಜಾತ್ರೆಯಾದರೆ, ಸರಕಾರದ ಡಂಗುರವಾದರೆ ಹಲಗೆ ಬಾರಿಸುವ ಕೆಲಸವು ಒಂದೇ ಕೇರಿಯವರ ಮೇಲೆ ಬಿದ್ದಿತ್ತು. ಅದು ಅವರ ಕಲೆಯೂ ಅಹುದು, ಅವರಿಗೆ ಹೊರಿಸಿದ ಬಿಟ್ಟಿಯೂ ಅಹುದು. ಪರರ ಹಬ್ಬಕ್ಕೆ ಹಲಗೆ ಬಾರಿಸಿ, ಹಬ್ಬದೂಟಕ್ಕೆ ದೂರ ಕುಳಿತು ಕಾಯುತ್ತಿದ್ದವರ ಮೊಮ್ಮಕ್ಕಳು ಇಂದು ಅದೇ ಹಲಗೆಯನ್ನು ತಮ್ಮ ಹಬ್ಬಕ್ಕೆ ತಮ್ಮ ಮನಸ್ಸಿನಿಂದ ಬಾರಿಸುತ್ತಿದ್ದರು. ಕೇಳುವ ಕಿವಿಗೆ ಆ ಭೇದವು ಒಡನೆಯೇ ತಿಳಿಯುತ್ತಿತ್ತು. ಹಿಂದಿನಿಂದ ಬರುತ್ತಿದ್ದ ಧ್ವನಿವರ್ಧಕಗಳ ಅಬ್ಬರವು ಅದನ್ನು ಅಷ್ಟಷ್ಟಾಗಿ ಮುಚ್ಚಿಹಾಕುತ್ತಿದ್ದುದೊಂದೇ ನಮಗೆ ಸೇರಲಿಲ್ಲ.

ಮೆರವಣಿಗೆಯೆಂದರೆ ಬರಿಯ ಸಡಗರವೆಂದು ಎಣಿಸುವವರು ಉಂಟು. ಗದ್ದಲವೇಕೆ, ದಾರಿಯನ್ನು ತಡೆಯುವದೇಕೆ, ಮನೆಯಲ್ಲಿಯೇ ಪಟಕ್ಕೆ ಕೈಮುಗಿದರೆ ಸಾಲದೇ ಎಂದು ಅವರು ಕೇಳುವರು. ಆದರೆ ಈ ಜನರ ಪಾಲಿಗೆ ದಾರಿಯೆಂಬದು ಸಾಮಾನ್ಯ ವಸ್ತುವಲ್ಲ. ಊರ ನಡುವಿನ ಬೀದಿಯಲ್ಲಿ ಕಾಲಿಗೆ ಮೆಟ್ಟು ಹಾಕಿಕೊಂಡು ನಡೆಯಬಾರದು, ಮದುಮಗನು ಕುದುರೆಯೇರಿ ಹೋಗಬಾರದು, ಮೇಲಿನ ಕೇರಿಯವರು ಎದುರಾದರೆ ಬದಿಗೆ ಸರಿದು ನಿಲ್ಲಬೇಕು ಎಂಬ ಕಟ್ಟುಗಳು ನಮ್ಮ ದೇಶದ ಅನೇಕ ಊರುಗಳಲ್ಲಿ ಇದ್ದವು. ಆದದ್ದರಿಂದಲೇ ಸಂವಿಧಾನದ 15ನೆಯ ಅನುಚ್ಛೇದದಲ್ಲಿ, ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದ ಸ್ಥಳಗಳನ್ನು ಹೇಳುವಾಗ, ಅಂಗಡಿ, ಉಪಾಹಾರಗೃಹಗಳ ಜೊತೆಗೆ ಬಾವಿ, ಕೆರೆ, ಸ್ನಾನಘಟ್ಟ ಮತ್ತು ರಸ್ತೆಗಳನ್ನೂ ಎಣಿಸಿ ಬರೆದರು. 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನೇ ರದ್ದುಪಡಿಸಿತು. ಒಂದು ದೇಶದ ಮೂಲಶಾಸನದಲ್ಲಿ ಬಾವಿ ಮತ್ತು ರಸ್ತೆಗಳ ಹೆಸರು ಬರಬೇಕಾದರೆ, ಆ ದೇಶದಲ್ಲಿ ಬಾವಿ ಮತ್ತು ರಸ್ತೆಗಳು ಎಷ್ಟು ಜನರಿಗೆ ಮುಚ್ಚಿದ್ದವೆಂಬದನ್ನು ವಾಚಕರೇ ಊಹಿಸಿಕೊಳ್ಳಬೇಕು.

ಬರೆದ ಮಾತ್ರಕ್ಕೆ ದಾರಿ ತೆರೆಯಲಾರದೆಂಬದನ್ನು ಅಂಬೇಡಕರರು ತಮ್ಮ ಅನುಭವದಿಂದ ಬಲ್ಲವರಾಗಿದ್ದರು. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿಯ ಕಾಯಿದೆ ಕೌನ್ಸಿಲು 1923ರಲ್ಲಿಯೇ ಠರಾವು ಮಾಡಿತ್ತು. ಕೊಂಕಣದ ಮಹಾಡ ಪಟ್ಟಣದ ಮುನಿಸಿಪಾಲಿಟಿಯು ತನ್ನ ಚವದಾರ ಕೆರೆಯು ಎಲ್ಲರದೆಂದು ಮರುವರ್ಷ ಒಪ್ಪಿಕೊಂಡಿತ್ತು. ಆದರೂ ಆ ಕೆರೆಯ ನೀರನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. 1927ರ ಮಾರ್ಚ 20ರಂದು ಅಂಬೇಡಕರರು ಸಾವಿರಾರು ಜನರೊಡನೆ ಬೀದಿಯಲ್ಲಿ ನಡೆದು ಹೋಗಿ, ಕೆರೆಗೆ ಇಳಿದು, ಬೊಗಸೆಯಲ್ಲಿ ನೀರು ಕುಡಿದರು. ಆ ಬೊಗಸೆ ನೀರಿನ ವ್ಯಾಜ್ಯವು ನ್ಯಾಯಾಲಯಗಳಲ್ಲಿ ಹತ್ತು ವರ್ಷ ನಡೆದು, 1937ರಲ್ಲಿ ಮುಂಬಯಿಯ ಹಾಯಕೋರ್ಟಿನಲ್ಲಿ ಅವರ ಕಡೆಗೆ ತೀರ್ಪಾಯಿತು. ಕಾಗದದ ಮೇಲಿನ ಹಕ್ಕು ನೆಲದ ಮೇಲಿನ ಹಕ್ಕಾಗಬೇಕಾದರೆ ಯಾರಾದರೂ ಅದರ ಮೇಲೆ ನಡೆಯಬೇಕಾಗುವದು. ರಾಯಚೂರ ಬೀದಿಯಲ್ಲಿ ಆ ಸಂಜೆ ನಾವು ಕಂಡದ್ದು ಅಂಥ ನಡಿಗೆಯನ್ನೇ.

ಅಂಬೇಡಕರರಿಗೂ ಕನ್ನಡನಾಡಿಗೂ ಇದ್ದ ನಂಟು ಹಳೆಯದು. 1925ರಲ್ಲಿ ನಿಪ್ಪಾಣಿಯಲ್ಲಿ ನೆರೆದ ದಲಿತ ವರ್ಗಗಳ ಪರಿಷತ್ತಿಗೆ ಅವರು ಬಂದಿದ್ದರು. ಧಾರವಾಡದಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ವಸತಿಗೃಹವನ್ನು ನಡೆಯಿಸಿದರು. 1954ರಲ್ಲಿ ಕೋಲಾರದ ಚಿನ್ನದ ಗಣಿಗಳ ಕೆಲಸಗಾರರನ್ನು ಕಂಡರು. ಆದರೆ ರಾಯಚೂರು ಆಗ ಬೇರೊಂದು ರಾಜ್ಯದಲ್ಲಿತ್ತು. 1948ರ ಸಪ್ಟಂಬರದವರೆಗೆ ಇದು ನಿಜಾಮರ ಆಳಿಕೆಯಲ್ಲಿದ್ದು, ಬಳಿಕ ಹೈದರಾಬಾದ ರಾಜ್ಯದ ಜಿಲ್ಲೆಯಾಗಿ ಮುಂದುವರಿಯಿತು. ಅದೇ ರಾಜ್ಯದ ಔರಂಗಾಬಾದಿನಲ್ಲಿ ಅಂಬೇಡಕರರು 1950ರಲ್ಲಿ ಒಂದು ಮಹಾವಿದ್ಯಾಲಯವನ್ನು ತೆರೆದರು. ಮಿಲಿಂದ ಮಹಾವಿದ್ಯಾಲಯವೆಂದು ಅದು ಹೆಸರಾಯಿತು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವು 1953ರಲ್ಲಿ ಅವರಿಗೆ ಗೌರವ ಪದವಿಯನ್ನು ಕೊಟ್ಟಿತು. ಆ ರಾಜ್ಯದ ದಲಿತರ ಮುಂದಾಳುಗಳಲ್ಲೊಬ್ಬರಾದ ಬಿ. ಶ್ಯಾಮಸುಂದರರು 1968ರಲ್ಲಿ ಕಲಬುರ್ಗಿಯಲ್ಲಿ ಭೀಮಸೇನೆಯನ್ನು ಸ್ಥಾಪಿಸಿದರು. 1956ನೆಯ ವರ್ಷವಂತೂ ಈ ಸೀಮೆಗೆ ಎರಡು ಬಗೆಯಿಂದ ಮರೆಯಲಾರದ್ದು. ಅಕ್ಟೋಬರ 14ರಂದು ಅಂಬೇಡಕರರು ನಾಗಪುರದಲ್ಲಿ ಬೌದ್ಧ ದೀಕ್ಷೆಯನ್ನು ಪಡೆದರು. ಡಿಸೆಂಬರ 6ರಂದು ತೀರಿಕೊಂಡರು. ಆ ಎರಡು ದಿನಗಳ ನಡುವೆ, ನವೆಂಬರ 1ರಂದು, ರಾಯಚೂರು ಹೈದರಾಬಾದವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು.

ಈಚಿನ ಒಂದು ಸಂಗತಿಯನ್ನು ರಾಯಚೂರಿನ ಜನ ಇನ್ನೂ ಮರೆತಿಲ್ಲ. 2022ರ ಜನವರಿ 26ರಂದು ಇಲ್ಲಿಯ ಜಿಲ್ಲಾ ನ್ಯಾಯಾಲಯದ ಧ್ವಜವಂದನೆಯ ವೇಳೆಗೆ ಅಂಬೇಡಕರರ ಭಾವಚಿತ್ರವನ್ನು ತೆಗೆಯಿಸಿದರೆಂಬ ಆರೋಪ ಹುಟ್ಟಿತು. ಆರೋಪಕ್ಕೆ ಗುರಿಯಾದ ನ್ಯಾಯಾಧೀಶರು ಅದನ್ನು ಅಲ್ಲಗಳೆದರು. ಅದರ ಸತ್ಯಾಸತ್ಯಗಳನ್ನು ತೂಗಿ ನೋಡುವ ಅಧಿಕಾರ ನಮಗಿಲ್ಲ. ರಾಯಚೂರಿನಲ್ಲಿಯೂ ರಾಜ್ಯದ ಇತರ ಊರುಗಳಲ್ಲಿಯೂ ಜನರು ಬೀದಿಗೆ ಬಂದರು. ಫೆಬ್ರವರಿ 19ರಂದು ಬೆಂಗಳೂರಿನಲ್ಲಿ ಬಹು ದೊಡ್ಡ ಮೆರವಣಿಗೆ ನಡೆಯಿತು. ಗಣರಾಜ್ಯದ ದಿನ, ಸ್ವಾತಂತ್ರ್ಯದ ದಿನ ಮತ್ತು ಸಂವಿಧಾನದ ದಿನಗಳಂದು ನ್ಯಾಯಾಲಯಗಳ ಸಮಾರಂಭಗಳಲ್ಲಿ ಅಂಬೇಡಕರರ ಭಾವಚಿತ್ರವನ್ನು ಇರಿಸಬೇಕೆಂದು ರಾಜ್ಯದ ಹಾಯಕೋರ್ಟು ಅದೇ ಫೆಬ್ರವರಿಯಲ್ಲಿ ನಿರ್ಧರಿಸಿತು. ಕೋಲು ಕಲ್ಲುಗಳನ್ನು ಎತ್ತದೆ, ಪಟವನ್ನು ಹೊತ್ತು ನಡೆದೇ ಜನರು ತಮ್ಮ ಮಾತನ್ನು ಮುಟ್ಟಿಸಬೇಕಾದಲ್ಲಿಗೆ ಮುಟ್ಟಿಸಿದರು.

ರಾತ್ರಿ ಬಹಳ ಹೊತ್ತಿನವರೆಗೆ ನಡೆದ ಮೆರವಣಿಗೆ ಮುಗಿದ ಬಳಿಕ ನಮ್ಮಲ್ಲಿ ಒಂದು ವಿಚಾರ ಹುಟ್ಟಿತು. ಹಬ್ಬದ ದಿನ ಎಲ್ಲ ಊರುಗಳೂ ಚೆಲುವಾಗಿಯೇ ಕಾಣುವವು. ಮರುದಿನ ಅವು ಹೇಗಿರುವವೆಂಬದನ್ನೂ ನೋಡಬೇಕು. ಹೀಗೆಂದು ಬೆಳಿಗ್ಗೆ ನಾವು ಮಾನ್ವಿಯ ಬಸ್ಸನ್ನು ಹಿಡಿದೆವು.

ರಾಯಚೂರಿನಿಂದ ಮಾನ್ವಿಗೆ ನೈರುತ್ಯದ ಕಡೆಗೆ ಒಂದು ತಾಸಿಗಿಂತ ತುಸು ಹೆಚ್ಚಿನ ದಾರಿ. ಮೊದಲು ಬೋಳು ಬಂಡೆಗಳ ಗುಡ್ಡಗಳೂ ಹತ್ತಿ ಕಿತ್ತ ಎರೆಹೊಲಗಳೂ ಕಾಣುವವು. ಮುಂದೆ ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಮುಟ್ಟಿದಲ್ಲಿ ನೋಟವೇ ಬದಲಾಗಿ ಭತ್ತದ ಗದ್ದೆಗಳು ಎದುರಾಗುವವು. ಹೊಸಪೇಟೆಯ ಹತ್ತಿರದ ಆ ಅಣೆಕಟ್ಟಿನ ಕೆಲಸವನ್ನು 1945ರಲ್ಲಿ ಹೊಳೆಯ ಒಂದು ದಂಡೆಯಿಂದ ಮದ್ರಾಸು ಸರಕಾರದವರೂ ಇನ್ನೊಂದು ದಂಡೆಯಿಂದ ಹೈದರಾಬಾದದವರೂ ಕೂಡಿ ಆರಂಭಿಸಿದ್ದರು. ಕಾಲುವೆಯ ನೀರಿಗೆ ಜಾತಿಯಿಲ್ಲ; ಆದರೆ ಅದು ಹೊಲವಿದ್ದವರ ಹೊಲಕ್ಕೆ ಹರಿಯುವದು. ಗದ್ದೆಯಲ್ಲಿ ಬಾಗಿ ನಾಟಿ ಹಚ್ಚುವ ಕೈಗಳಲ್ಲಿ ಬಹಳ ಕೈಗಳು ತುಂಡು ಭೂಮಿಯೂ ಇಲ್ಲದವರವು.

ಮಾನ್ವಿಯು ಭಕ್ತಿಗೆ ಹೆಸರಾದ ಊರು. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು 18ನೆಯ ಶತಮಾನದಲ್ಲಿ ಇಲ್ಲಿಯೇ ಬಾಳಿದರು. ವಿಜಯದಾಸರು ಹುಟ್ಟಿದ ಚೀಕಲಪರವಿಯೂ ಈ ತಾಲೂಕಿನದೇ. ದಾಸರ ಮನೆಯನ್ನು ಕಾಣಲು ದೂರದ ಊರುಗಳಿಂದ ಜನರು ಬರುವರು. ಅಂಥ ಊರಿನಲ್ಲಿ ನಿಂತಾಗ ಅಂಬೇಡಕರರು ಭಕ್ತಿಯ ವಿಷಯವಾಗಿ ಆಡಿದ ಮಾತು ನಮಗೆ ನೆನಪಾಯಿತು. 1949ರ ನವೆಂಬರ 25ರಂದು, ಸಂವಿಧಾನ ಸಭೆಯ ಕೊನೆಯ ದಿನಗಳಲ್ಲಿ, ಅವರು ದೇಶಕ್ಕೆ ಕೆಲವು ಎಚ್ಚರಿಕೆಗಳನ್ನು ಕೊಟ್ಟರು. ದೇವರಲ್ಲಿಯ ಭಕ್ತಿಯು ಆತ್ಮದ ಉದ್ಧಾರಕ್ಕೆ ದಾರಿಯಾಗಬಹುದು. ರಾಜಕಾರಣದಲ್ಲಿ ಒಬ್ಬ ವ್ಯಕ್ತಿಯನ್ನು ಪೂಜಿಸತೊಡಗಿದರೆ ದೇಶವು ಕೆಳಗಿಳಿದು ಕಡೆಗೆ ಒಬ್ಬನ ದರ್ಪಕ್ಕೆ ಸಿಕ್ಕೀತು ಎಂಬದು ಅವರ ಅಭಿಪ್ರಾಯದ ಸಾರ. ಒಬ್ಬರಿಗೆ ಒಂದು ಮತವು ಬಂದರೂ ಬಾಳಿನಲ್ಲಿ ಒಬ್ಬರಿಗೊಂದು ಬೆಲೆಯೆಂಬದು ಬರದಿದ್ದರೆ ಕಟ್ಟಿದ ಮನೆ ಉಳಿಯಲಾರದೆಂದೂ ಅವರು ಅಂದೇ ಹೇಳಿದರು. ತಮ್ಮ ಮೂರ್ತಿಗೆ ಹಾರ ಹಾಕುವವರಿಗೂ ಈ ಮಾತು ಸಲ್ಲುವದೆಂದು ಅವರು ಇದ್ದಿದ್ದರೆ ನಿಸ್ಸಂಕೋಚವಾಗಿ ಹೇಳುತ್ತಿದ್ದರು.

ಮಾನ್ವಿಯಲ್ಲಿ ಹಿಂದಿನ ದಿನದ ತೋರಣಗಳು ಇನ್ನೂ ಇದ್ದವು. ಚೆಂಡುಹೂವುಗಳು ಬಿಸಿಲಿಗೆ ಬಾಡಿ ದಾರಿಯ ತುಂಬ ಬಿದ್ದಿದ್ದವು. ಪೌರಕಾರ್ಮಿಕರು, ಅವರಲ್ಲಿ ಹೆಂಗಸರೇ ಹೆಚ್ಚು, ಆ ಹೂಗಳನ್ನೂ ಕುಡಿದೆಸೆದ ಲೋಟಗಳನ್ನೂ ಗುಡಿಸಿ ರಾಶಿಮಾಡುತ್ತಿದ್ದರು. ನಿನ್ನೆ ಮೆರವಣಿಗೆಯಲ್ಲಿ ನಡೆದವರಲ್ಲಿ ಅವರೂ ಇದ್ದರೆಂದು ಮಾತಿನಿಂದ ತಿಳಿಯಿತು. ಹಬ್ಬ ಮಾಡಿದವರೇ ಹಬ್ಬದ ಕಸವನ್ನೂ ಬಳಿಯುತ್ತಿರುವದನ್ನು ಕಂಡು ನಮ್ಮ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು.

ಅಲ್ಲಿಯ ಒಂದು ಸಣ್ಣ ಹೊಟೇಲಿನಲ್ಲಿ ಚಹಕ್ಕೆ ಕುಳಿತಾಗ ಒಬ್ಬ ವಯಸ್ಸಾದ ಮಾಸ್ತರರ ಪರಿಚಯವಾಯಿತು. ನಿವೃತ್ತರಾಗಿ ಬಹು ವರ್ಷಗಳಾಗಿದ್ದವು. ಮಾತು ಮೆಲ್ಲಗೆ, ತೂಗಿ ನೋಡಿ ಆಡುವವರು.

“ನಾ ಸಣ್ಣಾಂವ ಇದ್ದಾಗ ನಮ್ಮೂರ ಹೊಟೇಲಿನಾಗ ನಮಗ ಒಳಗ ಕೂಡಸ್ತಿರಲಿಲ್ರೀ,” ಎಂದು ಅವರು ಹೇಳಿದರು. “ಹೊರಗ ಗೂಡಿನಾಗ ನಮ್ಮ ಲೋಟಾ ಬ್ಯಾರೆ ಇಡತಿದ್ರು. ನಾವೇ ತಗೋಬೇಕು, ನಾವೇ ತೊಳದು ಇಡಬೇಕು. ಚಹಾ ಮ್ಯಾಲಿಂದ ಹಾಕ್ತಿದ್ರು. ನಾ ಮಾಸ್ತರ ಆಗಿ ಸಾಲಿಗೆ ಹೋದ ಮ್ಯಾಲೆ ಒಂದಿನ ಆ ಹೊಟೇಲಿನಾಂವ ತಾನಾಗೇ ಕುರ್ಚಿ ಹಾಕಿದ.”

“ಅದು ಮಾಸ್ತರಿಕೆಗೆ ಸಂದ ಗೌರವವೋ, ಕಾಯಿದೆಯ ಅಂಜಿಕೆಯೋ?” ಎಂದು ನಾವು ಕೇಳಿದೆವು.

ಅವರು ನಕ್ಕರು. “ಎರಡೂ ಇರಬೇಕ್ರೀ. ಆದ್ರ ಅವನ ಮಗ ನನ್ನ ಕೈಯಾಗ ಕಲತ. ಈಗ ಅಂವ ಕುರ್ಚಿ ಹಾಕೂದು ಅಂಜಿಕೀಗಲ್ಲ. ಒಂದು ತಲಿ ಹಿಡೀತು ನೋಡ್ರಿ, ಅಷ್ಟಕ್ಕ.”

ಆ ಊರ ಗುಡಿಯ ಕಟ್ಟೆಯ ಮೇಲೆ ಈಗ ತರುಣರು ಕೂಡುವರೆಂದೂ, ತಮ್ಮ ಓರಗೆಯವರು ಮಾತ್ರ ಇಂದಿಗೂ ಹಳೆಯ ರೂಢಿಯಿಂದ ದೂರವೇ ನಿಲ್ಲುವರೆಂದೂ ಅವರು ಹೇಳಿದರು. ಯಾರೂ ತಡೆಯದಿದ್ದರೂ ಕಾಲು ಮುಂದೆ ಬಾರದಂತೆ ಮಾಡುವ ಬೇಲಿಯು ಕಣ್ಣಿಗೆ ಕಾಣುವಂಥದಲ್ಲ. ಅದನ್ನು ಕೀಳಲು ಕಾಯಿದೆಗಿಂತ ಹೆಚ್ಚು ಕಾಲ ಹಿಡಿಯುವದು.

ಮೂರನೆಯ ದಿನ ನಾವು ಸಿರವಾರದ ಮೇಲಿಂದ ದೇವದುರ್ಗಕ್ಕೆ ಹೋದೆವು. ಬಂಡೆಗಳ ಬೆಟ್ಟ, ಅದರ ಮೇಲೆ ಬೇಡರ ನಾಯಕರ ಕಾಲದ ಕೋಟೆಯ ಅವಶೇಷ, ಅದರ ಬುಡದಲ್ಲಿ ಊರು. ಉತ್ತರಕ್ಕೆ ಕೃಷ್ಣೆಯು ಹರಿಯುವಳು. ನಾರಾಯಣಪುರದ ಬಲದಂಡೆಯ ಕಾಲುವೆಯು ಈ ತಾಲೂಕಿಗೆ ನೀರು ತಂದಿದೆಯಾದರೂ, ಎಲ್ಲ ಹೊಲಗಳಿಗೂ ಎಲ್ಲ ಕಾಲಗಳಲ್ಲಿಯೂ ಅದು ಮುಟ್ಟಲಾರದು. ಮಳೆ ಕೈಕೊಟ್ಟರೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ದುಡಿಮೆಗೆ ದೂರದ ಊರುಗಳಿಗೆ ಹೋಗುವರು. ಇದಕ್ಕೆ ಇಲ್ಲಿಯವರು ‘ಗುಳೆ’ ಎನ್ನುವರು.

ಅಂಕಿಗಳನ್ನು ಕೊಟ್ಟು ವಾಚಕರನ್ನು ಬೇಸರಪಡಿಸುವ ಇಚ್ಛೆ ನಮಗಿಲ್ಲ. ಆದರೂ ಕೆಲವನ್ನು ಹೇಳದೆ ವಿಧಿಯಿಲ್ಲ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಜನಸಂಖ್ಯೆ 19 ಲಕ್ಷಕ್ಕೆ ಮೀರಿದ್ದಿತು. ಅವರಲ್ಲಿ ಪ್ರತಿ ಐವರಿಗೆ ಸುಮಾರು ಒಬ್ಬರು ಪರಿಶಿಷ್ಟ ಜಾತಿಯವರು, ಒಬ್ಬರು ಪರಿಶಿಷ್ಟ ಪಂಗಡದವರು. ಓದು ಬರಹ ಬಲ್ಲವರು ನೂರಕ್ಕೆ 60ರಷ್ಟು ಮಾತ್ರ. ಆಗ ಇಡೀ ರಾಜ್ಯದ ಲೆಕ್ಕವು ನೂರಕ್ಕೆ 75ರಷ್ಟಿತ್ತು. ರಾಯಚೂರಿನ ಹೆಂಗಸರಲ್ಲಿ ಅಕ್ಷರ ಬಲ್ಲವರು ಸುಮಾರು ಅರ್ಧದಷ್ಟೇ. ಈ ಹಿಂದುಳಿದ ಸ್ಥಿತಿಯನ್ನು ಮನಗಂಡೇ ಸಂವಿಧಾನಕ್ಕೆ 98ನೆಯ ತಿದ್ದುಪಡಿಯನ್ನು ಮಾಡಿ, 371ಜೆ ಎಂಬ ಅನುಚ್ಛೇದದ ಮೂಲಕ ಈ ಭಾಗದ ಜಿಲ್ಲೆಗಳಿಗೆ ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ವಿಶೇಷ ಅವಕಾಶವನ್ನು 2013ರಲ್ಲಿ ಜಾರಿಗೆ ತಂದರು. ದೇವದುರ್ಗ ಮತ್ತು ಮಾನ್ವಿ ಎರಡೂ ವಿಧಾನಸಭೆಯ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. 2023ರ ಚುನಾವಣೆಯಲ್ಲಿ ದೇವದುರ್ಗದ ಮತದಾರರು ಒಬ್ಬ ಮಹಿಳೆಯನ್ನು ಆರಿಸಿ ಕಳಿಸಿದರು. ಅಂಬೇಡಕರರು ಹಾಕಿಕೊಟ್ಟ ದಾರಿಯು ಹೀಗೆ ದೇವದುರ್ಗದ ಬೆಟ್ಟದ ಬುಡದವರೆಗೂ ಬಂದಿದೆಯೆಂಬದರಲ್ಲಿ ಸಂದೇಹವಿಲ್ಲ. ಆ ದಾರಿಯಲ್ಲಿ ಯಾರು ನಡೆಯುತ್ತಿರುವರೆಂಬದೇ ಇನ್ನುಳಿದ ಪ್ರಶ್ನೆ.

ಆ ಪ್ರಶ್ನೆಯು ಬಸ್ಸುನಿಲ್ದಾಣದಲ್ಲಿ ನಮ್ಮೆದುರಿಗೇ ಬಂದು ಕುಳಿತಿತು. ಸಂಜೆ ಬೆಂಗಳೂರಿಗೆ ಹೋಗುವ ಬಸ್ಸಿಗಾಗಿ ಒಂದು ಕುಟುಂಬವು ಕಾಯುತ್ತಿತ್ತು: ಗಂಡ, ಹೆಂಡತಿ, ಹನ್ನೆರಡು ಹದಿಮೂರು ವರ್ಷದ ಹುಡುಗಿ, ಅವಳ ತೊಡೆಯ ಮೇಲೆ ಮಲಗಿದ್ದ ತಮ್ಮ. ಜೊತೆಗೆ ಬೀಳ್ಕೊಡಲು ಬಂದ ಅಜ್ಜಿ. ಎರಡು ಚೀಲ ಜೋಳ, ಅಡಿಗೆಯ ಪಾತ್ರೆಗಳು, ಹಾಸಿಗೆಯ ಸುರುಳಿ. ಹುಡುಗಿಯ ಮುಂಗೈಗೆ ಜಯಂತಿಯ ದಿನ ಕಟ್ಟಿದ ನೀಲಿ ಪಟ್ಟಿ ಇನ್ನೂ ಇತ್ತು. ಅವಳು ತನ್ನ ಶಾಲೆಯಲ್ಲಿ ಸಂವಿಧಾನದ ಪೀಠಿಕೆಯನ್ನು ಎಲ್ಲರ ಮುಂದೆ ಓದುವವಳಂತೆ. ನಾವು ಕೇಳಿದಾಗ ಮೊದಲು ನಾಚಿದಳು. ಬಳಿಕ ತಮ್ಮನು ಎಚ್ಚರಾಗದಂತೆ ತಗ್ಗಿದ ಧ್ವನಿಯಲ್ಲಿ, ಒಂದೂ ಮಾತು ತಪ್ಪದೆ, ಪೂರ್ತಿಯಾಗಿ ಹೇಳಿದಳು.

“ಸಾಲಿ ಬಿಟ್ಟದ ಅಂತ ಕರಕೊಂಡು ಹೊಂಟೀವ್ರೀ,” ಎಂದು ತಾಯಿ ಹೇಳಿದಳು. “ನಾವಿಬ್ರೂ ಕಟ್ಟಡದ ಕೆಲಸಕ್ಕ ಹೋದ್ರ ಕೂಸಿನ್ನ ನೋಡಾವ್ರು ಬೇಕಲ್ರೀ.”

“ಜೂನಿನಲ್ಲಿ ಶಾಲೆ ತೆರೆದಾಗ ಬರುವಳಷ್ಟೆ?”

ತಾಯಿಯು ಗಂಡನ ಮುಖ ನೋಡಿದಳು. ಆತನು ದಾರಿಯ ಕಡೆಗೆ ನೋಡಿದನು. ಉತ್ತರ ಹೇಳಿದವಳು ಅಜ್ಜಿ. “ಬರ್ತಾಳ್ರೀ. ನಾ ಇಲ್ಲೇ ಇರ್ತೀನಲ್ಲ. ನನ್ನ ಹತ್ರ ಇಟಗೋತೀನಿ. ನನಗ ಅಕ್ಷರ ಬರೂದಿಲ್ಲ, ಇಕಿ ಅವ್ವಗೂ ಬರೂದಿಲ್ಲ. ಬಾಬಾಸಾಹೇಬರ ಪಟದ ಮುಂದ ದೀಪ ಹಚ್ಚಿ ಏನು ಮಾಡೂದೈತಿ, ಮನಿಯಾಗ ಒಬ್ರರ ಪುಸ್ತಕ ಹಿಡೀಬೇಕಲ್ರೀ?”

ಮುದುಕಿಯ ಮಾತಿಗೆ ಮಗನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬಸ್ಸು ಬಂದಿತು. ಹುಡುಗಿಯು ತಮ್ಮನನ್ನು ಎತ್ತಿಕೊಂಡು ಕಿಡಕಿಯ ಬದಿಯಲ್ಲಿ ಕುಳಿತಳು. ಅಜ್ಜಿಯು ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ತನ್ನ ಹಳ್ಳಿಯ ದಾರಿ ಹಿಡಿದಳು. ಆ ಹುಡುಗಿಯು ಜೂನಿನಲ್ಲಿ ಮರಳುವಳೋ ಇಲ್ಲವೋ ಎಂಬದರ ಮೇಲೆ ಎಷ್ಟೋ ಮೆರವಣಿಗೆಗಳ ಅರ್ಥವು ನಿಂತಿದೆಯೆಂದು ನಮಗೆ ತೋರಿತು. ಅವಳು ತರಗತಿಗೆ ಬಂದು ಕುಳಿತರೆ ಬಾಬಾಸಾಹೇಬರ ಜಯಂತಿಯು ಆ ಮನೆಯಲ್ಲಿ ಸಾರ್ಥಕವಾದಂತೆ.

ಇದೇ ಜಿಲ್ಲೆಯ ಮಸ್ಕಿಯಲ್ಲಿ ಒಂದು ಬಂಡೆಯುಂಟು. ಚಿನ್ನವನ್ನು ಹುಡುಕುತ್ತ ಅಲೆಯುತ್ತಿದ್ದ ಸಿ. ಬೀಡನ್ ಎಂಬ ಗಣಿ ಇಂಜಿನಿಯರನು 1915ರಲ್ಲಿ ಅದರ ಮೇಲೆ ಬ್ರಾಹ್ಮೀ ಲಿಪಿಯ ಬರಹವನ್ನು ಕಂಡನು. ‘ದೇವಾನಾಂಪ್ರಿಯ’ನೆಂದು ಶಾಸನಗಳಲ್ಲಿ ಕರೆದುಕೊಂಡ ಅರಸನು ಅಶೋಕನೇ ಎಂಬದು ಆ ಬಂಡೆಯಿಂದ ಖಚಿತವಾಯಿತು. ಎರಡು ಸಾವಿರ ವರ್ಷಗಳಿಗಿಂತ ಹಿಂದಿನ ಆ ಶಾಸನದ ತಾತ್ಪರ್ಯವು ಇಷ್ಟು: ಧರ್ಮದಲ್ಲಿ ನಡೆದರೆ ಸಣ್ಣವನೂ ಈ ಮೇಲಾದ ಪದವಿಯನ್ನು ಪಡೆಯಬಲ್ಲನು, ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಕೂಡದು, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು. ಆ ಅಶೋಕನ ಚಕ್ರವೇ ಇಂದು ನಮ್ಮ ರಾಷ್ಟ್ರಧ್ವಜದ ನಡುವೆ ಇದೆ. ರಾಯಚೂರ ಬೀದಿಯಲ್ಲಿ ನಾವು ಕಂಡ ನೀಲಿ ಬಾವುಟಗಳ ಮೇಲೆಯೂ ಇತ್ತು. ರಾಯಚೂರ ಸೀಮೆಯಲ್ಲಿ ಚಿನ್ನ ಸಿಗುವದು ಸುಳ್ಳಲ್ಲ. ಹಟ್ಟಿಯ ಗಣಿಯು ಲೋಕಪ್ರಸಿದ್ಧವಾಗಿದೆ. ಚಿನ್ನವನ್ನರಸುತ್ತ ಹೋದ ಬೀಡನನಿಗೆ ಮಸ್ಕಿಯಲ್ಲಿ ದೊರೆತದ್ದು ಚಿನ್ನಕ್ಕಿಂತ ಬೆಲೆಯುಳ್ಳ ಮಾತು.

ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕೆಂದನಷ್ಟೆ ಆ ಅರಸನು! ಸಣ್ಣವರಿಗೆ ಈ ಮಾತು ಮುಟ್ಟಿರುವದನ್ನು ನಾವು ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಮೂರು ದಿನ ಕಂಡೆವು. ದೊಡ್ಡವರೆನಿಸಿಕೊಂಡವರಿಗೆ ಅದು ಮುಟ್ಟುವದು ಬಾಕಿಯಿದೆ. ಈ ಪತ್ರಿಕೆಯು ಮನೆಮನೆಗಳಲ್ಲಿ ಓದಲ್ಪಡುವದಾದದ್ದರಿಂದ, ನಮ್ಮ ತಾಯಂದಿರಿಗೂ ಅಕ್ಕತಂಗಿಯರಿಗೂ ಒಂದು ಬಿನ್ನಹವನ್ನು ಮಾಡಿಕೊಳ್ಳುವೆವು. ಸಂವಿಧಾನವು ಬೀದಿಯನ್ನೂ ಬಾವಿಯನ್ನೂ ತೆರೆಯಿಸಿತು. ಮನೆಯ ಹೊಸ್ತಿಲೊಳಗಿನ ರೂಢಿಯನ್ನು ಗೃಹಿಣಿಯೇ ತಿದ್ದಬೇಕು. ಅಂಗಳ ಗುಡಿಸುವವಳಿಗೆ, ಕಸ ಒಯ್ಯುವವನಿಗೆ, ಗಾರೆ ಕೆಲಸಕ್ಕೆ ಬಂದವರಿಗೆ ನಮ್ಮ ಮನೆಯಲ್ಲಿ ನೀರು ಕೊಡುವ ಲೋಟ ಯಾವದು? ಅವರು ಕುಳಿತುಕೊಳ್ಳುವ ಜಾಗ ಯಾವದು? ಅವರ ಮಕ್ಕಳು ಯಾವ ತರಗತಿಯಲ್ಲಿ ಓದುತ್ತಿರುವರೆಂದು ನಾವು ಎಂದಾದರೂ ಕೇಳಿದ್ದುಂಟೇ? ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ನಿಮ್ಮ ಬೀದಿಯಲ್ಲಿ ಏಳುತ್ತಿರುವ ಕಟ್ಟಡದ ಎದುರಿನ ತಗಡಿನ ಗುಡಿಸಲಲ್ಲಿ, ತಮ್ಮನನ್ನು ಆಡಿಸುತ್ತ ಕುಳಿತ ಹುಡುಗಿಯೊಬ್ಬಳನ್ನು ನೀವು ಕಂಡಿರಲೂ ಸಾಕು. ಅವಳ ಹೆಸರನ್ನು ಕೇಳಿರಿ. ಜೂನು ಬಂದಾಗ ಅವಳು ಊರಿಗೆ ಮರಳಿ ಶಾಲೆಗೆ ಹೋಗುವಳೇ, ಇಲ್ಲದಿದ್ದರೆ ಹತ್ತಿರದ ಶಾಲೆಗಾದರೂ ಸೇರುವಳೇ ಎಂದು ಅವಳ ತಾಯಿಯನ್ನು ವಿಚಾರಿಸಿರಿ. ಅದಕ್ಕೆ ನಿಮ್ಮಿಂದ ಸಹಾಯ ಬೇಕಾದರೆ ಹಿಂದೆಗೆಯಬೇಡಿರಿ.